ಕಾಣದ ಹಕ್ಕಿಯ ಪಾಠ: ಪ್ರಭೇದಗಳ ಅಳಿವನ್ನು ಕಲಿಸುವ ಬಗೆ ಮತ್ತು ಮಕ್ಕಳ ಮನಸ್ಸು

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಬರುವ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳಲು ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಪೈಪೋಟಿಯೇ ಇರುತ್ತದೆ. ಅದು ಸುಲಭದ ಪಾಠ ಎಂಬುದು ಅವರ ನಂಬಿಕೆ. ಪ್ರಯೋಗಾಲಯದ ಸಾಮಗ್ರಿ ಬೇಕಿಲ್ಲ, ಸಮೀಕರಣಗಳಿಲ್ಲ, ಹುಲಿ ಸಿಂಹಗಳ ಚಿತ್ರಪಟ ಅಂಗಡಿಯಲ್ಲೇ ಸಿಗುತ್ತದೆ. ವಿಜಯಪುರದ ಅಥಣಿ ರಸ್ತೆಯ ಆಚೀಚಿನ ಶಾಲೆಗಳಲ್ಲಿ, ತೊರವಿಯಿಂದ ತಿಕೋಟಾದವರೆಗೆ, ಹಾಗೆಯೇ ಬಬಲೇಶ್ವರ ಭಾಗದಲ್ಲಿ, ಈ ಪಾಠವನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಹಲವು ಸಲ ಅವಲೋಕಿಸಿದ್ದೇನೆ. ಪಾಠ ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತದೆ: ಒಂದು ವ್ಯಾಖ್ಯಾನ, ಅಳಿದುಹೋದ ಮತ್ತು ಅಳಿವಿನಂಚಿನಲ್ಲಿರುವ ಪ್ರಾಣಿಗಳ ಪಟ್ಟಿ, ಐದು ಕಾರಣಗಳು, ಐದು ಪರಿಹಾರಗಳು, ಕೊನೆಗೆ "ಗಿಡ ನೆಡೋಣ, ಪರಿಸರ ಉಳಿಸೋಣ" ಎಂಬ ಘೋಷಣೆ. ಜ್ಞಾನಾತ್ಮಕ ವಲಯದ ಉದ್ದೇಶಗಳೆಲ್ಲ ಈಡೇರಿದಂತೆ ಕಾಣುತ್ತವೆ. ಅವಲೋಕನ ಪತ್ರದಲ್ಲಿ ಒಳ್ಳೆಯ ಅಂಕಗಳೂ ಬೀಳುತ್ತವೆ.

ಆದರೆ ಇದು ಸಾವಿನ ಪಾಠ. ಇನ್ನೆಂದೂ ಹುಟ್ಟದಂತೆ ಒಂದು ಕುಲವೇ ಮುಗಿದ ಸುದ್ದಿಯನ್ನು ಹದಿಮೂರು ವರ್ಷದ ಮಕ್ಕಳಿಗೆ ನಲವತ್ತು ನಿಮಿಷದಲ್ಲಿ ಹೇಳಿ ನಾವು ಹೊರಗೆ ಬರುತ್ತೇವೆ. ಆ ಸುದ್ದಿ ಅವರ ಮನಸ್ಸಿನಲ್ಲಿ ಏನು ಮಾಡಿತು ಎಂದು ಕೇಳುವ ಅಂಕಣ ನಮ್ಮ ಅವಲೋಕನ ಪತ್ರದಲ್ಲಿಲ್ಲ. ಪ್ರಸ್ತುತ ಲೇಖನ ಆ ಅಂಕಣದ ಬಗ್ಗೆ. ಮಕ್ಕಳ ಭಾವನೆ ಪಾಠದ ಕೊನೆಗೆ ಅಂಟಿಸುವ ನೀತಿಮಾತಲ್ಲ; ಅದು ಪಾಠದ ವಿಷಯವಸ್ತುವಿನ ಒಂದು ಭಾಗ. ಅದನ್ನು ಬಿಟ್ಟು ಕಲಿಸಿದರೆ ವಿಜ್ಞಾನವೂ ಅರ್ಧಕ್ಕೇ ನಿಲ್ಲುತ್ತದೆ ಎಂಬುದನ್ನು ನಮ್ಮ ಬಯಲುಸೀಮೆಯ ಎರಡು ಹಕ್ಕಿಗಳ ಉದಾಹರಣೆಯಿಂದ ವಿವರಿಸಲು ಪ್ರಯತ್ನಿಸುತ್ತೇನೆ.

ಮಕ್ಕಳಿಂದ ಬರುವ ಮೂರು ಮಾತುಗಳು

ಈ ಪಾಠ ನಡೆಯುವಾಗ ಮೂರು ಬಗೆಯ ಮಾತುಗಳು ಮಕ್ಕಳಿಂದ ಬರುತ್ತವೆ. ಪ್ರಶಿಕ್ಷಣಾರ್ಥಿ ಸಾಮಾನ್ಯವಾಗಿ ಮೂರನ್ನೂ ದಾಟಿ ಮುಂದಿನ ಬಿಂದುವಿಗೆ ಹೋಗಿಬಿಡುತ್ತಾರೆ.

ಮೊದಲನೆಯದು: "ಅದನ್ನ ನಾವು ನೋಡೇ ಇಲ್ರೀ ಸರ್. ಹೋದ್ರ ನಮಗೇನ್ರೀ?" ಇದನ್ನು ಉಡಾಫೆಯೆಂದು ತಿಳಿದು ಗದರಿಸುವುದೇ ಹೆಚ್ಚು.

ಎರಡನೆಯದು: "ನಮ್ಮಪ್ಪ ಬೀಡು ಹದಾ ಮಾಡಿ ದ್ರಾಕ್ಷಿ ಹಚ್ಯಾನ್ರೀ. ಹಂಗಾದ್ರ ನಮ್ಮಪ್ಪಂದ ತಪ್ಪೇನ್ರೀ?" ತಿಕೋಟಾ ಭಾಗದ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಅನೇಕರು ದ್ರಾಕ್ಷಿ ಬೆಳೆಗಾರರ ಮಕ್ಕಳು. ಅವರ ಶಾಲೆಯ ಫೀಸು, ಅಕ್ಕನ ಮದುವೆ, ಮನೆಯ ಸಾಲ ಎಲ್ಲವೂ ಆ ಬಳ್ಳಿಗೇ ಜೋತುಕೊಂಡಿವೆ. "ಮಾನವನ ದುರಾಸೆಯಿಂದ ಪ್ರಾಣಿಗಳು ಅಳಿದವು" ಎಂಬ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಆ ಮಾನವ ಯಾರು ಎಂದು ಮಗು ಹುಡುಕುತ್ತದೆ. ಅದರ ಕಣ್ಣಿಗೆ ಬೀಳುವವನು ಬೆಳಗಿನ ಜಾವ ಔಷಧಿ ಹೊಡೆಯಲು ಎದ್ದ ಅಪ್ಪ.

ಮೂರನೆಯದು: "ಎಲ್ಲಾ ಮುಗದ್ಹೋಗೇತಿ ಅಂದ್ರ ನಾವು ಸಣ್ಣವ್ರು ಏನ್ ಮಾಡೂದೈತ್ರೀ?" ಕೆಲವೊಮ್ಮೆ ಈ ಮಾತು ಬಾಯಿಗೆ ಬರುವುದೇ ಇಲ್ಲ, ಬರೀ ಮೌನವಾಗಿ ಉಳಿಯುತ್ತದೆ.

ಒಂದು ನಿರ್ಲಕ್ಷ್ಯದಂತೆ ಕಾಣುತ್ತದೆ, ಇನ್ನೊಂದು ಅಪರಾಧಿ ಭಾವ, ಮತ್ತೊಂದು ಅಸಹಾಯಕತೆ. ಮೂರಕ್ಕೂ ಬೇರೆ ಬೇರೆ ಮೂಲಗಳಿವೆ, ಬೇರೆ ಬೇರೆ ಉತ್ತರಗಳೂ ಬೇಕು.

ಸಂಶೋಧಕರು ಏನು ಹೇಳಿದ್ದಾರೆ

ಮೊದಲ ಮಾತಿಗೆ ವಿಜ್ಞಾನದಲ್ಲಿ ಒಂದು ವಿವರಣೆ ಇದೆ. ಮೀನುಗಾರಿಕೆಯನ್ನು ಅಧ್ಯಯನ ಮಾಡುತ್ತಿದ್ದ ಡೇನಿಯಲ್ ಪೌಲಿ 1995ರಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. ಪ್ರತಿಯೊಂದು ತಲೆಮಾರಿನ ವಿಜ್ಞಾನಿಗಳೂ ತಾವು ವೃತ್ತಿ ಆರಂಭಿಸಿದಾಗ ಇದ್ದ ಮೀನಿನ ಪ್ರಮಾಣವನ್ನೇ ಸಹಜವೆಂದು ಎಣಿಸುತ್ತಾರೆ. ಅದಕ್ಕೂ ಮೊದಲು ಆದ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಅಳತೆಗೋಲಿನ ಸೊನ್ನೆಯೇ ತಲೆಮಾರಿನಿಂದ ತಲೆಮಾರಿಗೆ ಕೆಳಗೆ ಜಾರುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಕಾನ್ ಮಕ್ಕಳಲ್ಲೂ ಇದನ್ನೇ ಕಂಡು, ಅದನ್ನು ತಲೆಮಾರಿನ ಮರೆವು ಎಂದು ಕರೆದರು. ತಾನು ಹುಟ್ಟಿದಾಗ ಇದ್ದ ಪರಿಸರವೇ ಮಗುವಿಗೆ ಪೂರ್ಣ ಪರಿಸರ. ಆದ್ದರಿಂದ "ನಾವು ನೋಡೇ ಇಲ್ಲ" ಎನ್ನುವ ಮಗು ಉಡಾಫೆ ಮಾಡುತ್ತಿಲ್ಲ, ನಿಜವನ್ನೇ ಹೇಳುತ್ತಿದೆ. ಕಾಣದ್ದಕ್ಕೆ ಕೊರಗು ಹುಟ್ಟುವುದಿಲ್ಲ.

ನಷ್ಟವನ್ನು ಕಣ್ಣಾರೆ ಕಂಡವರ ಸಂಕಟ ಬೇರೆ. ಆಸ್ಟ್ರೇಲಿಯಾದ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಗಳಿಂದ ಊರ ಸುತ್ತಲಿನ ನೆಲ ಬದಲಾದಾಗ ಅಲ್ಲಿನವರು ಅನುಭವಿಸಿದ ನೋವಿಗೆ ಗ್ಲೆನ್ ಆಲ್‌ಬ್ರೆಕ್ಟ್ ಎಂಬ ಚಿಂತಕ 'ಸೊಲಾಸ್ಟಾಲ್ಜಿಯಾ' ಎಂದು ಹೆಸರಿಟ್ಟರು. ಪರಊರಿಗೆ ಹೋದವನಿಗೆ ತನ್ನ ಊರು ನೆನಪಾಗಿ ಕಾಡುತ್ತದೆ. ಇಲ್ಲಿ ಮನುಷ್ಯ ಊರಲ್ಲೇ ಇದ್ದಾನೆ, ಊರೇ ಅವನನ್ನು ಬಿಟ್ಟುಹೋಗಿದೆ. 2018ರಲ್ಲಿ ಆಶ್ಲೀ ಕನ್ಸೋಲೊ ಮತ್ತು ನೆವಿಲ್ ಎಲ್ಲಿಸ್ ಎಂಬ ಸಂಶೋಧಕರು ಜೀವಿಗಳು, ಪರಿಸರ ವ್ಯವಸ್ಥೆಗಳು ಮತ್ತು ನೆಲದ ನಷ್ಟದಿಂದ ಆಗುವ ದುಃಖವನ್ನು ಪರಿಸರ ಶೋಕವೆಂದು ಕರೆದು, ಅದು ಕಾಯಿಲೆಯಲ್ಲ, ಸಹಜ ಪ್ರತಿಕ್ರಿಯೆ ಎಂದು ವಾದಿಸಿದರು. 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಭಾರತವೂ ಸೇರಿ 10 ದೇಶಗಳ, 16ರಿಂದ 25 ವಯಸ್ಸಿನ 10,000 ಯುವಜನರನ್ನು ಹವಾಮಾನ ಬದಲಾವಣೆಯ ಬಗ್ಗೆ ಕೇಳಿತು. ಶೇ 59ರಷ್ಟು ಜನ ತಮಗೆ ತುಂಬ ಅಥವಾ ಅತಿಯಾದ ಆತಂಕವಿದೆ ಎಂದರು. ಶೇ 45ಕ್ಕಿಂತ ಹೆಚ್ಚು ಮಂದಿ ಅದರಿಂದ ದಿನನಿತ್ಯದ ಬದುಕಿಗೆ ತೊಂದರೆಯಾಗಿದೆ ಎಂದರು. ಸಮೀಕ್ಷೆ ಅಳಿವನ್ನು ಕುರಿತದ್ದಲ್ಲ, ನಿಜ. ಆದರೆ ನಮ್ಮ ಎಂಟನೆಯ ತರಗತಿಯ ಮಗು ಮೂರು ವರ್ಷದಲ್ಲಿ ತಲುಪುವ ವಯಸ್ಸು ಅದು.

ಈ ಎರಡು ಸ್ಥಿತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕೆಲಸ ತಿಳಿಯುತ್ತದೆ. ಮಗುವಿಗೆ ನಷ್ಟದ ಅರಿವು ಮೂಡಬೇಕು, ಆದರೆ ಆ ಅರಿವಿನ ಭಾರಕ್ಕೆ ಅದು ಕುಸಿಯಬಾರದು. ಇದಕ್ಕಾಗಿ ನಾನು ಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಅವಧಿಗಳ ಘಟಕವೊಂದನ್ನು ಸೂಚಿಸುತ್ತೇನೆ.

ಮೊದಲ ಅವಧಿ: ಮೂರು ತಲೆಮಾರಿನ ಪಟ್ಟಿ

ಹಿಂದಿನ ದಿನವೇ ಮಕ್ಕಳಿಗೆ ಮೂರು ಅಂಕಣಗಳ ಹಾಳೆ ಕೊಡಬೇಕು: ಮುತ್ಯಾ ಅಥವಾ ಆಯಿ ಕಂಡದ್ದು, ಅಪ್ಪ ಅಥವಾ ಅವ್ವ ಕಂಡದ್ದು, ನಾನು ಕಂಡದ್ದು. ಊರ ಸುತ್ತಲಿನ ಹಕ್ಕಿ, ಪ್ರಾಣಿ, ಹುಲ್ಲು, ಗಿಡಗಳ ಹೆಸರುಗಳನ್ನು ಮನೆಯವರನ್ನು ಕೇಳಿ, ಅವರ ಮಾತಿನಲ್ಲೇ ಬರೆದು ತರಬೇಕು. ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಒಂದು ಹಾಳೆಯಲ್ಲಿ ಹೀಗಿತ್ತು: "ಊರ ಹೊರಗ ದನಾ ಸತ್ತ ಬಿದ್ರ ಹದ್ದು ಮುಕರತಿದ್ವು. ಸಂಜೀತನಕ ಬರೇ ಎಲುವು ಉಳಿತಿದ್ವು." ಅಪ್ಪನ ಅಂಕಣದಲ್ಲಿ ಹದ್ದು ಎಂದು ಒಂದೇ ಪದವಿತ್ತು. ಮಗುವಿನ ಅಂಕಣ ಖಾಲಿ.

ಮೂರು ಅಂಕಣಗಳನ್ನು ಅಕ್ಕಪಕ್ಕ ಓದಿದಾಗ ಪೌಲಿ ಹೇಳಿದ್ದು ಯಾವ ವ್ಯಾಖ್ಯಾನವೂ ಇಲ್ಲದೆ ಮಕ್ಕಳಿಗೆ ಅರ್ಥವಾಗುತ್ತದೆ. ಮನೆಯ ಹಿರಿಯರ ನೆನಪು ವಿಜ್ಞಾನದ ದತ್ತಾಂಶವಾಗಬಲ್ಲದು ಎಂಬುದೂ ತಿಳಿಯುತ್ತದೆ. ತರಗತಿಯಲ್ಲಿ ಇಂಥ ಗೌರವ ಸಿಗುವುದನ್ನು ಕಂಡ ಮಕ್ಕಳು ಮರುದಿನ ಮುತ್ಯಾನಿಂದ ಇನ್ನಷ್ಟು ಕೇಳಿಕೊಂಡು ಬರುತ್ತಾರೆ.

ಪರಿಕಲ್ಪನೆಯ ವ್ಯತ್ಯಾಸಗಳನ್ನೂ ಇಲ್ಲೇ ಸ್ಪಷ್ಟಪಡಿಸಬೇಕು. ಅಮೆರಿಕದಲ್ಲಿ ಕೋಟಿಗಟ್ಟಲೆ ಇದ್ದ ಪ್ರಯಾಣಿಕ ಪಾರಿವಾಳದ ಕೊನೆಯ ಹಕ್ಕಿ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅದು ಸಂಪೂರ್ಣ ಅಳಿವು. ಚೀತಾ ಭಾರತದಿಂದ ಮರೆಯಾಯಿತು. 1947ರ ಸುಮಾರಿಗೆ ಕೊನೆಯ ಮೂರು ಬೇಟೆಗೆ ಬಲಿಯಾದವು, 1952ರಲ್ಲಿ ಅಳಿದಿದೆಯೆಂದು ಸರ್ಕಾರ ಘೋಷಿಸಿತು. ಆದರೆ ಆಫ್ರಿಕಾದಲ್ಲಿ ಅದು ಉಳಿದಿತ್ತು, ಆದ್ದರಿಂದಲೇ 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಕುನೊ ಅರಣ್ಯಕ್ಕೆ ತರಲು ಸಾಧ್ಯವಾಯಿತು. ಅದು ಪ್ರಾದೇಶಿಕ ಅಳಿವು. ಕನ್ನಡದಲ್ಲಿ ಚೀತಾಕ್ಕೆ ಸಿವಂಗಿ ಎಂಬ ಹೆಸರಿತ್ತು. ಪ್ರಾಣಿ ಹೋದ ಮೇಲೆ ಹೆಸರೂ ಬಳಕೆಯಿಂದ ಹೋಯಿತು, ಈಗ ನಾವು ಚೀತಾ ಎಂದೇ ಓದುತ್ತೇವೆ. ಇನ್ನು ಕೆಲವು ಪ್ರಭೇದಗಳು ಲೆಕ್ಕಕ್ಕೆ ಬದುಕಿವೆ, ಆದರೆ ಪರಿಸರದಲ್ಲಿ ತಾವು ಮಾಡುತ್ತಿದ್ದ ಕೆಲಸ ಮಾಡುವಷ್ಟು ಸಂಖ್ಯೆಯಲ್ಲಿಲ್ಲ. ಮುತ್ಯಾನ ಅಂಕಣದ ರಣಹದ್ದು ಈ ಮೂರನೆಯ ಬಗೆಯದು. ಎರಡನೆಯ ಅವಧಿ ಅದಕ್ಕೇ ಮೀಸಲು.

ಎರಡನೆಯ ಅವಧಿ: ರಣಹದ್ದು ಮತ್ತು ಮನುಷ್ಯರು

ರಣಹದ್ದನ್ನು ನಾನು ಮೊದಲು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಅಳಿವಿನ ಪರಿಣಾಮ ಮನುಷ್ಯರ ಮೇಲೆ ಹೇಗೆ ಆಗುತ್ತದೆ ಎಂಬುದಕ್ಕೆ ಇದರಷ್ಟು ಸ್ಪಷ್ಟ ಉದಾಹರಣೆ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

1990ರ ದಶಕದಲ್ಲಿ ಭಾರತದ ರಣಹದ್ದುಗಳು ಒಮ್ಮೆಲೇ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ 1992ರಿಂದ 2007ರ ನಡುವೆ ಶೇ 99ಕ್ಕಿಂತ ಹೆಚ್ಚು ಕುಸಿಯಿತು. ಬೇಟೆ ಕಾರಣವಲ್ಲ, ಕಾಡಿನ ನಾಶವೂ ಅಲ್ಲ. ಕಾರಣ 2004ರಲ್ಲಿ ಪ್ರಕಟವಾಯಿತು: ದನಗಳ ನೋವು, ಬಾವು ಇಳಿಸಲು ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧಿ. ಆ ಔಷಧಿ ಮೈಯಲ್ಲಿರುವಾಗ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳ ಅಂಗಗಳ ಮೇಲೆಲ್ಲ ಸುಣ್ಣದಂತೆ ಕಟ್ಟಿ, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತಿತ್ತು. ಸತ್ತ ದನಗಳಲ್ಲಿ ನೂರಕ್ಕೆ ಒಂದರಲ್ಲಿ ವಿಷವಿದ್ದರೂ ಸಾಕು. ಒಂದೇ ಹೆಣದ ಮೇಲೆ ಹತ್ತಾರು ಹಕ್ಕಿಗಳು ಎರಗುತ್ತಿದ್ದವು.

ಹದ್ದುಗಳಿಲ್ಲದೆ ಸತ್ತ ದನಗಳು ಊರ ಹೊರಗೆ ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಅವುಗಳೊಡನೆ ರೇಬಿಸ್ ಭಯವೂ ಹೆಚ್ಚಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2000ದಿಂದ 2005ರ ಅವಧಿಯಲ್ಲಿ ರಣಹದ್ದಿನ ಕುಸಿತದಿಂದಾಗಿ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳು ಸಂಭವಿಸಿವೆ ಎಂದು ಅಂದಾಜಿಸಿದ್ದಾರೆ. "ಹೋದ್ರ ನಮಗೇನ್ರೀ?" ಎಂಬ ಪ್ರಶ್ನೆಗೆ ಇದು ನೇರ ಉತ್ತರ. ಪ್ರಶ್ನೆ ಕೇಳಿದ ಮಗುವಿನ ಕೈಯಲ್ಲೇ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಸಿದರೆ ಗದರಿಸುವ ಅಗತ್ಯವೇ ಬೀಳುವುದಿಲ್ಲ.

ಆದರೆ ಮನುಷ್ಯರ ಮೇಲಿನ ಪರಿಣಾಮ ರೋಗದ ಲೆಕ್ಕಕ್ಕೆ ಮುಗಿಯುವುದಿಲ್ಲ. ಮುಂಬೈಯ ಪಾರ್ಸಿ ಸಮುದಾಯದವರು ತಮ್ಮ ಮೃತರನ್ನು ಡೂಂಗರ್‌ವಾಡಿಯ ಮೌನ ಗೋಪುರಗಳಲ್ಲಿ ಹದ್ದುಗಳಿಗೆ ಒಪ್ಪಿಸುತ್ತ ಬಂದವರು. ನೆಲ, ನೀರು, ಬೆಂಕಿ ಮೈಲಿಗೆಯಾಗಬಾರದೆಂಬುದು ಅವರ ನಂಬಿಕೆ. ಹದ್ದುಗಳು ಹೋದ ಮೇಲೆ ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಸಾಧನಗಳನ್ನು ಅಳವಡಿಸಬೇಕಾಯಿತು. ಕೆಲವು ಕುಟುಂಬಗಳು ದಹನದ ದಾರಿ ಹಿಡಿದವು, ಸಮುದಾಯದೊಳಗೇ ಭಿನ್ನಾಭಿಪ್ರಾಯ ಎದ್ದಿತು. ನಮ್ಮ ಮಕ್ಕಳಿಗೆ ಇದನ್ನು ಹೀಗೆ ಕೇಳಬಹುದು: ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲರೂ ಮಣ್ಣಿಗೆ ಹೋಗುತ್ತೇವೆ. ನಾಳೆಯಿಂದ ಮಣ್ಣು ಕೊಡಲು ಆಗುವುದೇ ಇಲ್ಲ ಎಂದರೆ ಮನೆಯವರ ಮನಸ್ಸು ಏನಾಗಬಹುದು? ಒಂದು ಹಕ್ಕಿಯ ಅಳಿವು ಮನುಷ್ಯ ತನ್ನವರಿಗಾಗಿ ಅಳುವ ರೀತಿಯನ್ನೇ ಬದಲಿಸಬಲ್ಲದು ಎಂಬುದು ಆಗ ಮಕ್ಕಳಿಗೆ ಹೊಳೆಯುತ್ತದೆ.

ಈ ಕತೆಯಲ್ಲಿ ಇನ್ನೊಂದು ಬೆಲೆಯುಳ್ಳ ಅಂಶವಿದೆ: ಇದರಲ್ಲಿ ದುಷ್ಟರಿಲ್ಲ. ರೈತ ತನ್ನ ಎತ್ತಿನ ನೋವು ಕಡಿಮೆಯಾಗಲೆಂದು ಔಷಧಿ ಕೊಡಿಸಿದ. ವೈದ್ಯರು ಅಗ್ಗದ, ಪರಿಣಾಮಕಾರಿ ಔಷಧಿ ಕೊಟ್ಟರು. ಪರಿಣಾಮ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ 2006ರಲ್ಲಿ ಪಶುಬಳಕೆಯ ಡೈಕ್ಲೋಫಿನಾಕ್ ತಯಾರಿಕೆಯನ್ನು ಸರ್ಕಾರ ನಿಲ್ಲಿಸಿತು, ಮೆಲಾಕ್ಸಿಕಾಮ್ ಎಂಬ ಸುರಕ್ಷಿತ ಬದಲಿ ಸಿಕ್ಕಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫಿನಾಕ್‌ಗಳನ್ನೂ ಪಶುಬಳಕೆಗೆ ನಿಷೇಧಿಸಲಾಯಿತು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಕಾರಣ ಬೇರೆ, ತಪ್ಪು ಬೇರೆ ಎಂಬ ವ್ಯತ್ಯಾಸವನ್ನು ಮಗು ಇಲ್ಲಿ ಕಲಿಯುತ್ತದೆ. ಮುಂದಿನ ಅವಧಿಗೆ ಈ ವ್ಯತ್ಯಾಸ ತೀರ ಅವಶ್ಯ.

ಮೂರನೆಯ ಅವಧಿ: ಎರೆಭೂತ ಮತ್ತು ನಮ್ಮ ಬಯಲು

ಎರೆ ಎಂದರೇನೆಂದು ವಿಜಯಪುರದ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಚಪ್ಪಲಿ ಕಿತ್ತುಕೊಳ್ಳುವ ಕಪ್ಪು ಮಣ್ಣು ಅದು. ಆ ಎರೆಯ ಬಯಲಲ್ಲಿ ತಲೆಯೆತ್ತಿ ನಿಂತರೆ ಮೀಟರಿನಷ್ಟು ಎತ್ತರ ಕಾಣುವ, ಗಂಡು ಹಕ್ಕಿ 15 ಕಿಲೋದವರೆಗೂ ತೂಗಬಲ್ಲ ಒಂದು ಪಕ್ಷಿಗೆ ನಮ್ಮ ಜನ ಎರೆಭೂತ ಎಂದು ಹೆಸರಿಟ್ಟರು. ದೊರವಾಯನ ಹಕ್ಕಿ ಎಂಬ ಹೆಸರೂ ಇದೆ. ಹೆಸರಿನಲ್ಲೇ ವಾಸಸ್ಥಾನದ ಪಾಠವಿದೆ: ಇದು ಕಾಡಿನ ಹಕ್ಕಿಯಲ್ಲ, ಬಯಲಿನ ಹಕ್ಕಿ. ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ.

1969ರಲ್ಲಿ ಸುಮಾರು 1,260 ಇದ್ದವೆಂದು ಅಂದಾಜಿಸಿದ್ದ ಈ ಹಕ್ಕಿ 2018ರ ಹೊತ್ತಿಗೆ ಸುಮಾರು 150ಕ್ಕೆ ಇಳಿಯಿತು. ಉಳಿದವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಭಾಗದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಬಯಲಲ್ಲಿ ಬೆರಳೆಣಿಕೆಯಷ್ಟು ಮಾತ್ರ ದಾಖಲಾಗಿವೆ. ಡಾ. ಸಲೀಂ ಅಲಿ ರಾಷ್ಟ್ರಪಕ್ಷಿಯಾಗಲು ಇದೇ ತಕ್ಕ ಹಕ್ಕಿ ಎಂದಿದ್ದರು. 1963ರಲ್ಲಿ ಆ ಸ್ಥಾನ ನವಿಲಿಗೆ ಸಿಕ್ಕಿತು. ವರ್ಷ ಮತ್ತು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ನಕ್ಷೆ ಬರೆಯಿಸಬಹುದು.

ಈ ಅವಧಿಯಲ್ಲಿ "ಗಿಡ ನೆಡೋಣ" ಎಂಬ ಸಿದ್ಧ ಉತ್ತರ ಮುರಿದು ಬೀಳಬೇಕು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಸ್ಥಾಪನೆಯಾಯಿತು. ಆ ಬಯಲಲ್ಲಿ ಹಿಂದೆ ಎರೆಭೂತವೂ ಇತ್ತು. ಹುಲ್ಲುಗಾವಲಿನ ದೊಡ್ಡ ಭಾಗದಲ್ಲಿ ನೀಲಗಿರಿ ನೆಡಲಾಯಿತು. ಕೃಷ್ಣಮೃಗ ಉಳಿಯಿತು, ಎರೆಭೂತ ಕಾಣೆಯಾಯಿತು. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆದ್ದರಿಂದ ಬರಿದಾದ ರಸ್ತೆಬದಿಯಲ್ಲಿ, ಶಾಲೆಯ ಅಂಗಳದಲ್ಲಿ ಮರ ಬೇಕೇ ಬೇಕು. ಆದರೆ ಹುಲ್ಲಿನ ಬೀಡು ಬಂಜರಲ್ಲ. ಅದೂ ಒಂದು ಮನೆ, ಅಲ್ಲಿ ಮರವಿಲ್ಲದಿರುವುದೇ ಆ ಮನೆಯ ಲಕ್ಷಣ. ಇದನ್ನು ಅರಿತ ಮಗು ಪರಿಸರ ವಿಜ್ಞಾನದ ಒಂದು ಮುಖ್ಯ ಪಾಠ ಕಲಿತಂತೆ.

ಇನ್ನು ಅಪ್ಪನ ದ್ರಾಕ್ಷಿ ತೋಟದ ಪ್ರಶ್ನೆ. ಇದನ್ನು ತಪ್ಪಿಸಿಕೊಳ್ಳದೆ ಎದುರಿಸಬೇಕು. ನಮ್ಮ ಜಿಲ್ಲೆಗೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆಯ ನನ್ನಜದ ಉದಾಹರಣೆ ಇಲ್ಲಿ ಉಪಯುಕ್ತ. ಮಹಾರಾಷ್ಟ್ರ ಸರ್ಕಾರ 1979ರಲ್ಲಿ ಅಲ್ಲಿ ಎರೆಭೂತದ ಅಭಯಾರಣ್ಯ ಮಾಡಿದಾಗ ಸುಮಾರು 8,500 ಚದರ ಕಿಲೋಮೀಟರ್ ಪ್ರದೇಶವನ್ನು ಸೇರಿಸಿತು. ಅದರಲ್ಲಿ ಊರುಗಳಿದ್ದವು, ರೈತರ ಹೊಲಗಳಿದ್ದವು. ನಿರ್ಬಂಧಗಳಿಂದ ಜನರಿಗೆ ತೊಂದರೆಯಾಗಿ ಅಸಮಾಧಾನ ಬೆಳೆಯಿತು. ಮುಂದೆ ಆ ವಿಸ್ತೀರ್ಣವನ್ನು ಸುಮಾರು 1,200 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಇಂದು ನನ್ನಜದಲ್ಲಿ ಆ ಹಕ್ಕಿ ಕಾಣುವುದು ತೀರ ಅಪರೂಪ. ಈ ಪ್ರಕರಣವನ್ನು ರೈತ, ಕುರಿಗಾರ, ಅರಣ್ಯಾಧಿಕಾರಿ, ಪಕ್ಷಿವಿಜ್ಞಾನಿ ಎಂಬ ನಾಲ್ಕು ಗುಂಪುಗಳಾಗಿ ಮಕ್ಕಳು ಚರ್ಚಿಸಲಿ. ಎಲ್ಲ ಗುಂಪಿಗೂ ತನ್ನದೇ ನ್ಯಾಯವಿದೆ ಎಂಬುದು ಮಕ್ಕಳಿಗೇ ತಿಳಿಯುತ್ತದೆ.

ಕಾರಣಗಳನ್ನು ಹೇಳುವಾಗ ಪ್ರಶಿಕ್ಷಣಾರ್ಥಿಗಳು ಭಾಷೆಯಲ್ಲಿ ಒಂದು ಸಣ್ಣ ಶಿಸ್ತು ಪಾಲಿಸಬೇಕು. "ಮಾನವನ ದುರಾಸೆ" ಎಂದು ಬರೆಯದೆ ಯಾರು, ಯಾವಾಗ, ಯಾಕೆ ಎಂದು ಬರೆಯಬೇಕು. 1809ರಿಂದ 1829ರವರೆಗೆ ಅಹಮದ್‌ನಗರ ಭಾಗದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬ್ರಿಟಿಷ್ ಬೇಟೆಗಾರ 961 ಎರೆಭೂತಗಳನ್ನು ಹೊಡೆದ ಲೆಕ್ಕವಿದೆ. ಅದು ಶೋಕಿಯ ಬೇಟೆ. ಮಳೆಯನ್ನೇ ನಂಬಿದ ಎರೆಹೊಲಕ್ಕೆ ನೀರು ಬಂದಾಗ ರೈತ ಬೆಳೆ ಬದಲಿಸುವುದು ಹೊಟ್ಟೆಪಾಡು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಹರಿದ ಊರಿನ ಮಗುವಿಗೆ ಆ ನೀರು ಪಾಪವೆಂದು ನಾವು ಕಲಿಸಬಾರದು, ಅದು ಸತ್ಯವೂ ಅಲ್ಲ. ಇಂದು ಥಾರ್ ಮರುಭೂಮಿಯಲ್ಲಿ ಎರೆಭೂತದ ದೊಡ್ಡ ಶತ್ರು ವಿದ್ಯುತ್ ತಂತಿ. ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಹಾರುವಾಗ ಮುಂದಿನ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಭಾರದ ಮೈ ತಕ್ಷಣ ತಿರುಗುವುದೂ ಇಲ್ಲ. ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿ, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಆ ತಂತಿಗಳಲ್ಲಿ ಹರಿಯುವುದು ಸೌರಶಕ್ತಿ, ಪವನಶಕ್ತಿ. ಒಂದು ಒಳ್ಳೆಯದು ಇನ್ನೊಂದು ಒಳ್ಳೆಯದಕ್ಕೆ ಅಡ್ಡ ನಿಲ್ಲುವ ಸಂದರ್ಭಗಳಿವೆ ಎಂಬುದನ್ನು ಎಂಟನೆಯ ತರಗತಿಯ ಮಗು ಅರ್ಥಮಾಡಿಕೊಳ್ಳಬಲ್ಲದು. ಹೀಗೆ ಬಿಡಿಸಿ ಹೇಳಿದಾಗ ಅಪರಾಧಿ ಭಾವದ ಜಾಗದಲ್ಲಿ ಜವಾಬ್ದಾರಿ ಬಂದು ಕೂರುತ್ತದೆ. ಅಪರಾಧಿ ಭಾವದಲ್ಲಿ ಮಗು ತಲೆ ತಗ್ಗಿಸುತ್ತದೆ. ಜವಾಬ್ದಾರಿಯಿದ್ದರೆ ತಲೆಯೆತ್ತಿ ಪ್ರಶ್ನೆ ಕೇಳುತ್ತದೆ.

ನಾಲ್ಕನೆಯ ಅವಧಿ: ಮಾತು, ನೆನಪು, ಕೆಲಸ

ಈ ಅವಧಿಯ ಮೊದಲ ಹತ್ತು ನಿಮಿಷ ಮಕ್ಕಳ ಮಾತಿಗೆ. ಹಿಂದಿನ ಮೂರು ಅವಧಿಗಳಲ್ಲಿ ಕೇಳಿದ್ದರಿಂದ ಏನನ್ನಿಸಿತು ಎಂದು ಹೆಸರು ಹಾಕದೆ ಚೀಟಿಯಲ್ಲಿ ಬರೆಯಲಿ. ಬೇಸರ, ಸಿಟ್ಟು, ಭಯ, ಏನೂ ಅನ್ನಿಸಲಿಲ್ಲ, ಯಾವುದಾದರೂ ಸರಿ. ಶಿಕ್ಷಕರು ಚೀಟಿಗಳನ್ನು ಓದಬೇಕು, ತಿದ್ದಬಾರದು, ಅಂಕ ಕೊಡಬಾರದು. "ಬೇಸರ ಪಡಬೇಡಿ" ಎನ್ನುವುದಕ್ಕಿಂತ "ಹೀಗೆ ಅನ್ನಿಸುವುದು ಸಹಜ, ಇಷ್ಟು ಜನರಿಗೆ ಅನ್ನಿಸಿದೆ ನೋಡಿ" ಎನ್ನುವುದು ಮಗುವಿಗೆ ಹೆಚ್ಚು ಧೈರ್ಯ ಕೊಡುತ್ತದೆ. ಏನೂ ಅನ್ನಿಸದ ಮಗುವಿಗೂ ಅಷ್ಟೇ ಗೌರವ ಸಲ್ಲಬೇಕು. ಒತ್ತಾಯದಿಂದ ತರಿಸಿದ ದುಃಖ ಬರೀ ನಾಟಕವಾಗುತ್ತದೆ.

ಮುಂದಿನ ಹತ್ತು ನಿಮಿಷ ನೆನಪಿಗೆ. ಗುಬ್ಬಿಮರಿ ಸತ್ತರೆ ಮಕ್ಕಳು ತಾವಾಗಿಯೇ ಕುಳಿ ತೋಡಿ ಮಣ್ಣು ಕೊಟ್ಟು ಮೇಲೊಂದು ಹೂ ಇಡುತ್ತಾರೆ. ಆದರೆ ಒಂದು ಕುಲವೇ ಮುಗಿದಾಗ ಮಣ್ಣು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಪ್ರಯಾಣಿಕ ಪಾರಿವಾಳಕ್ಕಾಗಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1947ರಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ನಮ್ಮ ತರಗತಿಗೆ ಕಲ್ಲಿನ ಸ್ಮಾರಕ ಬೇಕಿಲ್ಲ. ಮೊದಲ ಅವಧಿಯ ಹಾಳೆಗಳಿಂದ, ಮುತ್ಯಾ ಆಯಿಯರು ಹೇಳಿದ, ಮಕ್ಕಳು ಕಾಣದ ಜೀವಿಗಳ ಹೆಸರುಗಳನ್ನು ಊರ ಮಾತಿನಲ್ಲೇ ಗೋಡೆಪತ್ರಿಕೆಯಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು. ಸಿವಂಗಿಗಾದ ಗತಿ ಈ ಹೆಸರುಗಳಿಗಾದರೂ ಆಗದಿರಲಿ.

ಉಳಿದ ಸಮಯ ಕೆಲಸಕ್ಕೆ. ಸ್ವೀಡನ್ನಿನ ಸಂಶೋಧಕಿ ಮಾರಿಯಾ ಓಯಲಾ ಹವಾಮಾನ ಬದಲಾವಣೆಯ ಚಿಂತೆಯನ್ನು ಮಕ್ಕಳು ಹೇಗೆ ನಿಭಾಯಿಸುತ್ತಾರೆ ಎಂದು ಅಧ್ಯಯನ ಮಾಡಿದ್ದಾರೆ. ಬರೀ ಕೆಲಸಕ್ಕೆ ಹಚ್ಚಿದ ಮಕ್ಕಳು ಪರಿಸರಕ್ಕಾಗಿ ದುಡಿಯುತ್ತಾರೆ, ಆದರೆ ಅವರ ಸಂಕಟವೂ ಹೆಚ್ಚಿರಬಹುದು. ಬೇರೆಯವರೂ ಇದಕ್ಕಾಗಿ ದುಡಿಯುತ್ತಿದ್ದಾರೆ, ಬದಲಾವಣೆ ಸಾಧ್ಯ ಎಂಬ ನಂಬಿಕೆ ಜೊತೆಗಿದ್ದಾಗ ಮನಸ್ಸು ತಡೆದುಕೊಳ್ಳುತ್ತದೆ. ಆದ್ದರಿಂದ ಮಗುವಿಗೆ ಕೊಡುವ ಕೆಲಸ ಅದರ ಕೈಗೆ ನಿಲುಕುವಂತಿರಬೇಕು, ಕಾರಣಕ್ಕೆ ಹೊಂದುವಂತಿರಬೇಕು, ದೊಡ್ಡವರೂ ಅದರಲ್ಲಿ ಪಾಲುಗೊಳ್ಳಬೇಕು. ನಮ್ಮ ಭಾಗದಲ್ಲಿ ಸಾಧ್ಯವಿರುವ ಮೂರನ್ನು ಹೇಳುತ್ತೇನೆ.

ಒಂದು, ದನಗಳಿರುವ ಮನೆಯ ಮಕ್ಕಳು ಪಶುವೈದ್ಯರನ್ನು ಕಂಡು, ನೋವಿಗೆ ಯಾವ ಔಷಧಿ ಕೊಡುತ್ತಾರೆ, ಮೆಲಾಕ್ಸಿಕಾಮ್ ಸಿಗುತ್ತದೆಯೇ ಎಂದು ಕೇಳಿ ಬರೆದುಕೊಂಡು ಬರುವುದು.

ಎರಡು, ಊರ ಸುತ್ತಲಿನ ಬೀಡು, ಗಾಯರಾಣಗಳ ನಕ್ಷೆ ಬರೆದು ಅಲ್ಲಿ ಈಗ ಯಾವ ಹಕ್ಕಿಗಳಿವೆ ಎಂದು ಗುರುತಿಸುವುದು. ಗೌಜಲಕ್ಕಿ, ಟಿಟ್ಟಿಭ, ನೆಲಗುಬ್ಬಿ ಇವೆಲ್ಲ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು. ಹೊಲ ಹರಗುವಾಗ ಮೊಟ್ಟೆ ಕಂಡರೆ ಆ ಜಾಗವನ್ನು ಬಿಟ್ಟು ಹರಗಲು ಅಪ್ಪನಿಗೆ ಹೇಳುವುದು. ಇದಕ್ಕೆ ಹಣ ಬೇಡ, ಒಂದು ಮಾರು ನೆಲ ಸಾಕು.

ಮೂರು, ಮೂರು ತಲೆಮಾರಿನ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸುವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಮಕ್ಕಳು ಸಂಗ್ರಹಿಸಿದ ಹೆಸರುಗಳು ಆ ದಾಖಲಾತಿಗೆ ಸೇರಿದರೆ ಅವರ ಕೆಲಸ ಶಾಲೆಯ ಗೋಡೆ ದಾಟಿದಂತೆ.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಎಚ್ಚರಿಕೆಗಳು

ವಯಸ್ಸು ನೋಡಿ ವಿಷಯ ಆರಿಸಿ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ 1996ರಲ್ಲಿ, ನಾಲ್ಕನೆಯ ತರಗತಿಗಿಂತ ಕೆಳಗಿನ ಮಕ್ಕಳಿಗೆ ಪರಿಸರದ ದುರಂತಗಳನ್ನು ಹೇಳಬಾರದು, ಮೊದಲು ಪ್ರಕೃತಿಯೊಡನೆ ಸ್ನೇಹ ಬೆಳೆಯಲಿ ಎಂದು ವಾದಿಸಿದರು. ಸಣ್ಣ ತರಗತಿಗಳಿಗೆ ಟಿಟ್ಟಿಭದ ಮೊಟ್ಟೆ ತೋರಿಸಿದರೆ ಸಾಕು. ಎರೆಭೂತದ ಲೆಕ್ಕ ಎಂಟನೆಯ ತರಗತಿಗಿರಲಿ.

ಸತ್ತ ಪ್ರಾಣಿಗಳ ಭೀಕರ ಚಿತ್ರ, ವಿಡಿಯೋ ತೋರಿಸಬೇಡಿ. ಅವು ಮಕ್ಕಳನ್ನು ಬೆಚ್ಚಿಬೀಳಿಸುತ್ತವೆ, ಕಲಿಸುವುದು ಕಡಿಮೆ.

ಸುಳ್ಳು ಭರವಸೆ ಕೊಡಬೇಡಿ. "ನೀವೆಲ್ಲ ಮನಸ್ಸು ಮಾಡಿದರೆ ಎರೆಭೂತ ಮತ್ತೆ ಬರುತ್ತದೆ" ಎಂಬ ಮಾತು ಮಗುವಿನ ಹೆಗಲಿಗೆ ಹೊರಲಾರದ ಹೊರೆ. ಜೈಸಲ್ಮೇರಿನ ಸಂವರ್ಧನ ಕೇಂದ್ರದಲ್ಲಿ 2019ರಿಂದ ವಿಜ್ಞಾನಿಗಳು ಮರಿ ಬೆಳೆಸುತ್ತಿದ್ದಾರೆ, 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು ಎಂಬ ನಿಜ ಸಂಗತಿಯೇ ಸಾಕಷ್ಟು ಧೈರ್ಯ ಕೊಡುತ್ತದೆ.

ಪಾಠದ ನಂತರವೂ ಒಂದು ಮಗು ಹಲವು ದಿನ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಕಾರಣ ಹಕ್ಕಿಯೇ ಆಗಿರಬೇಕೆಂದಿಲ್ಲ. ಮನೆಯಲ್ಲಾದ ಒಂದು ಸಾವು ಈ ಪಾಠದಿಂದ ಮತ್ತೆ ಎದ್ದುಬಂದಿರಬಹುದು. ತರಗತಿ ಶಿಕ್ಷಕರಿಗೆ ತಿಳಿಸಿ, ಮನೆಯವರೊಡನೆ ಮಾತಾಡಿ.

ಮೌಲ್ಯಮಾಪನ

"ಅಳಿವಿನಂಚಿನ ಐದು ಪ್ರಾಣಿಗಳನ್ನು ಹೆಸರಿಸಿ" ಎಂಬ ಪ್ರಶ್ನೆಗೆ ಸಿಗುವುದು ಪಟ್ಟಿ ಮಾತ್ರ. ಅದರ ಬದಲು ಇಂಥವನ್ನು ಕೇಳಬಹುದು: ರಣಹದ್ದಿನ ಸಾವಿಗೂ ನಾಯಿಕಡಿತಕ್ಕೂ ಇರುವ ಸಂಬಂಧವನ್ನು ಹಂತಹಂತವಾಗಿ ಬರೆಯಿರಿ. ಎರೆಭೂತ ಇರುವ ಬಯಲಿನಲ್ಲಿ ಸಾವಿರ ಗಿಡ ನೆಡುವ ಯೋಜನೆ ಬಂದರೆ ನೀವು ಏನು ಸಲಹೆ ಕೊಡುತ್ತೀರಿ, ಏಕೆ? ನಿಮ್ಮ ಹಾಳೆಯ ಮೂರು ಅಂಕಣಗಳ ನಡುವಿನ ವ್ಯತ್ಯಾಸಕ್ಕೆ ಒಂದು ಕಾರಣ ಊಹಿಸಿ; ಅದನ್ನು ಪರೀಕ್ಷಿಸುವುದು ಹೇಗೆ? ಇವಕ್ಕೆ ಅಂಕ ಕೊಡಬಹುದು. ಮಗುವಿನ ಭಾವನೆಗೆ ಅಂಕ ಕೊಡುವಂತಿಲ್ಲ, ಆದರೆ ಶಿಕ್ಷಕರು ಅದಕ್ಕೆ ಜಾಗ ಕೊಟ್ಟರೇ ಎಂಬುದನ್ನು ಖಂಡಿತ ಅಳೆಯಬಹುದು.

ಆದ್ದರಿಂದ ಅವಲೋಕನ ಪತ್ರಕ್ಕೆ ಮೂರು ಸಾಲು ಸೇರಿಸಬೇಕೆಂದು ಪ್ರಶಿಕ್ಷಕ ಮಿತ್ರರಲ್ಲಿ ನನ್ನ ಸಲಹೆ. ಕಾರಣವನ್ನು ಯಾರನ್ನೂ ದೂಷಿಸದೆ, ನಿಖರವಾಗಿ ಹೇಳಿದರೇ? ಮಕ್ಕಳಿಂದ ಬಂದ ಅನಿರೀಕ್ಷಿತ ಮಾತಿಗೆ ನಿಂತು ಉತ್ತರಿಸಿದರೇ? ಪಾಠ ಮುಗಿದಾಗ ಮಕ್ಕಳ ಕೈಯಲ್ಲಿ ಅವರಿಂದ ಸಾಧ್ಯವಾಗುವ ಒಂದು ಕೆಲಸ ಇತ್ತೇ? ಈ ಮೂರಕ್ಕೂ ಹೌದು ಎಂಬ ಗುರುತು ಬಿದ್ದ ಪಾಠದಲ್ಲಿ ಚಿತ್ರಪಟ ಇಲ್ಲದಿದ್ದರೂ ನಡೆಯುತ್ತದೆ.